ಕಾಣದ ಕಿರಣ ತಗುಲಿದ ಕಣ್ಣು

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಕೂದಲೆಳೆಯಣ್ಣ ಎಂದೇ ಕರೆಯುತ್ತಿದ್ದರು. ಲೇಸರ್ ಕಿರಣ ಹಾಯುವ ದಾರಿಯ ಕನ್ನಡಿಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೂರಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ. ಕಿರಣ ನೆಟ್ಟಗೆ ಒಂದೇ ಚುಕ್ಕಿಗೆ ಕೂಡಿದರೆ, ನೀರಿನ ಹನಿಯಲ್ಲಿ ತೇಲುವ ಧೂಳಿಗಿಂತ ಸಣ್ಣ ಗಾಜಿನ ಮಣಿ ಆ ಚುಕ್ಕಿಯ ನಡುವಿಗೆ ಬಂದು ನಿಲ್ಲುತ್ತದೆ. ಬರೀ ಬೆಳಕೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. "ಬೆಳಕಿಗೂ ಬಲ ಇದೆ ಅಂದ್ರೆ ನಮ್ಮನೇಲಿ ಯಾರೂ ನಂಬಲ್ಲ" ಎಂದು ನಗುತ್ತಿದ್ದ.

ಎಡಗಣ್ಣು ಹುಟ್ಟಿನಿಂದಲೇ ಮಂದ. ಬಲಗಣ್ಣೇ ಅವನ ಬಂಡವಾಳ. ಒಂದು ಮಧ್ಯಾಹ್ನ, ಆವಿಗಟ್ಟಿದ ರಕ್ಷಣಾ ಕನ್ನಡಕವನ್ನು ಹಣೆಗೇರಿಸಿ ತಿರುಪು ತಿರುಗಿಸಲು ಬಗ್ಗಿದ. ಸ್ಕ್ರೂಡ್ರೈವರಿಗೆ ಬಡಿದು ಹಿಂದಿರುಗಿದ ಕಿರಣ ಬಲಗಣ್ಣಿಗೆ ಹೊಕ್ಕಿತು. ಅದು ಕಣ್ಣಿಗೆ ಕಾಣುವ ಬೆಳಕಲ್ಲ. ಹೊಳೆಯಲಿಲ್ಲ, ಉರಿಯಲೂ ಇಲ್ಲ. ಸಂಜೆ ಮನೆಯಲ್ಲಿ ಹೆಂಡತಿಯ ಮುಖದ ನಟ್ಟನಡುವೆ ಬೂದು ಕಲೆ ಕಂಡಾಗಲೇ ಅವನಿಗೆ ಗೊತ್ತಾದದ್ದು.

"ಏಳಿ, ಡಾಕ್ಟರ ಹತ್ರ ಹೋಗೋಣ."

"ಹೋದ್ರೆ ಎಲ್ಲರಿಗೂ ಗೊತ್ತಾಗುತ್ತೆ ಕಣೇ. ಕಣ್ಣಿಲ್ಲದವನನ್ನ ಆ ಲೇಸರ್ ಮೇಜಿನ ಹತ್ರ ಯಾರು ಬಿಡ್ತಾರೆ?"

ಬಾಯಿಗೆ ಬೀಗ ಹಾಕಿಕೊಂಡ.

ಅಲ್ಲಿಂದ ಮುಂದೆ ಮಣಿ ನಿಲ್ಲಲಿಲ್ಲ. ಕಾಣದ ಕಿರಣ ಬಿದ್ದಲ್ಲಿ ಹೊಳೆಯುವ ಕಾರ್ಡಿನ ಮೇಲೆ ದುಂಡಗಿದೆ ಎಂದು ಅವನು ಅಂದುಕೊಂಡ ಚುಕ್ಕಿ ಒಂದು ಕಡೆ ವಾಲಿರುತ್ತಿತ್ತು. ಮಣಿ ಬಂದು, ನಡುಗಿ, ಜಾರಿಹೋಗುತ್ತಿತ್ತು. ಆ ಮೇಜಿನಲ್ಲಿ ಮೂರು ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದ ಹುಡುಗಿ ನೀರು ಬದಲಿಸಿದಳು, ಮಣಿ ಬದಲಿಸಿದಳು, ಲೆಕ್ಕಗಳನ್ನೆಲ್ಲ ಮೊದಲಿನಿಂದ ಮಾಡಿದಳು.

"ಅಣ್ಣ, ಕನ್ನಡಿಗಳು ಸರಿಯಾಗಿವೆ ಅಲ್ವಾ?"

"ನಾನೇ ಕೂರಿಸಿದ್ದು, ತಾಯಿ."

"ಹಾಗಾದ್ರೆ ತಪ್ಪು ನಂದೇ."

ಅವನು ಒರೆಸುವ ಬಟ್ಟೆ ಮಡಿಸುತ್ತ ನಿಂತ.

ಐದು ತಿಂಗಳ ಮೇಲೆ, ತನ್ನ ಕೈಲಾಗುವುದಿಲ್ಲವೆಂದು ಬರೆದುಕೊಟ್ಟು ಅವಳು ಸಂಶೋಧನೆಯನ್ನೇ ಬಿಟ್ಟುಹೋದಳು. ಆ ಖಾಲಿ ಕುರ್ಚಿ ನೋಡಿದ ದಿನವೇ ಅವನು ಪ್ರಯೋಗಾಲಯದ ಪ್ರೊಫೆಸರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಅವರು, "ಅವಳಿಗೆ ನೀವೇ ಹೇಳಿ" ಎಂದರು.

ಫೋನಿನಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಎದೆ ಹಗುರವಾಗುತ್ತಿತ್ತೇನೋ. "ಡಾಕ್ಟರಿಗೆ ತೋರಿಸಿದ್ರಾ ಅಣ್ಣ?" ಎಂದು ಕೇಳಿದಳು.

"ವಾಪಸ್ ಬಾ ತಾಯಿ."

"ಆ ರೂಮಿಗೆ ಮತ್ತೆ ಕಾಲಿಡೋಕೆ ಆಗಲ್ಲ. ಬೇಡ ಅಣ್ಣ."

ಕಣ್ಣಿನೊಳಗೆ ಸುಟ್ಟ ಜಾಗ ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. ಪ್ರಯೋಗಾಲಯದವರು ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಹೊಸ ತಂತ್ರಜ್ಞ ಎರಡೇ ದಿನದಲ್ಲಿ ಕನ್ನಡಿಗಳನ್ನು ಸರಿಪಡಿಸಿದ, ಮಣಿ ನಿಂತಿತು. ಬಂದು ನೋಡಿ ಎಂದು ಕರೆದರು. ಅವನು ಹೋಗಲಿಲ್ಲ, ಉಗ್ರಾಣದ ಬಾಗಿಲು ಮುಂದೆ ಮಾಡಿಕೊಂಡು ಕೂತ.