ನೋಡಿಕೊಳ್ಳುವುದನ್ನು ಕಲಿತ ವರ್ಷಗಳು

ನನ್ನ ಗಂಡ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ, ಈಶಾನ್ಯದ ಯಾವುದೋ ಬೆಟ್ಟದ ದಾರಿಯಲ್ಲಿ ಅವರ ಲಾರಿ ಕಣಿವೆಗೆ ಉರುಳಿತು. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ, ಪೆಟ್ಟೆಲ್ಲ ತಲೆಗೆ. ಗುಂಡ್ಲುಪೇಟೆ ಕಡೆಯ ಬೇಗೂರಿನ ಪಕ್ಕದ ನಮ್ಮ ಹಳ್ಳಿಗೆ ತಂತಿ ಬಂದಾಗ ನಾನು ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವರ ರಜೆಗಳನ್ನೆಲ್ಲ ಕೂಡಿಸಿದರೂ ನಾವಿಬ್ಬರು ಒಂದೇ ಸೂರಿನಡಿ ಇದ್ದದ್ದು ಕೆಲವೇ ತಿಂಗಳು.

ಎಚ್ಚರ ಬಂದ ಮೇಲೆ ಅವರನ್ನು ಬೆಂಗಳೂರಿನ ಸೇನಾ ಆಸ್ಪತ್ರೆಗೆ ತಂದರು, ನನ್ನನ್ನೂ ಕರೆಸಿದರು. ನಾನು ಹೋಗಿ ಮಂಚದ ಪಕ್ಕ ನಿಂತಾಗ ಅವರು ನನ್ನನ್ನು ನೋಡಿ, "ಬಂದ್ಯಾ? ಗಾಡಿ ಯಾರತ್ರ ಬುಟ್ಟು ಬಂದೆ?" ಅಂದರು. ನನ್ನನ್ನು ಜೊತೆಯ ಡ್ರೈವರ್ ಅಂದುಕೊಂಡಿದ್ದರು. ಒಂದು ಗಳಿಗೆ ಬಿಟ್ಟು ನನ್ನ ಹೆಸರು ಹಿಡಿದೇ ಕರೆದರು. ಮತ್ತೆ ಗಾಡಿಯ ಮಾತು. ಅಂದಿನಿಂದ ಇವರು ಈಗ ಎಲ್ಲಿದ್ದಾರೆ, ಬೆಟ್ಟದಲ್ಲೋ ನನ್ನ ಮುಂದೆಯೋ ಎಂದು ಮುಖ ನೋಡಿ ಅಳೆಯುವುದೇ ನನಗೆ ಅಭ್ಯಾಸವಾಯಿತು.

ವಾರ್ಡಿನ ಸಿಸ್ಟರ್ ಕೇರಳದವರು. ಅವರ ಕನ್ನಡ ಅರ್ಧ, ಮಲಯಾಳ ಅರ್ಧ. ಗುಂಡ್ಲುಪೇಟೆಯ ಸಂತೆಯಲ್ಲಿ ಮಲಯಾಳ ಕೇಳುತ್ತಲೇ ಬೆಳೆದ ನನಗೆ ಅದೇನೂ ತೊಡಕಾಗಲಿಲ್ಲ. ಮೊದಲ ದಿನವೇ ಅವರು ಊಟದ ತಟ್ಟೆ ನನ್ನ ಕೈಗೆ ಕೊಟ್ಟು, "ತಿನ್ನಿಸು, ನೋಡೋಣ" ಅಂದರು. ನಾನು ಪ್ರೀತಿಯಿಂದ ದೊಡ್ಡ ತುತ್ತು ಕಲಸಿ ಬಾಯಿಗಿಟ್ಟೆ. ಕೆಮ್ಮಿ ಕೆಮ್ಮಿ ನನ್ನ ಗಂಡನ ಮುಖವೆಲ್ಲ ಕೆಂಪಾಯಿತು.

"ಮೋಳೇ, ಮೊದಲು ನೆಟ್ಟಗೆ ಕೂರಿಸು. ಗದ್ದ ಸ್ವಲ್ಪ ಕೆಳಗೆ. ಚಿಕ್ಕ ತುತ್ತು. ನುಂಗಿದ್ದು ಕಂಡ ಮೇಲೆ ಇನ್ನೊಂದು" ಎಂದು ಅವರು ತಾವೇ ಮಾಡಿ ತೋರಿಸಿದರು. ಮೋಳೇ ಅಂದರೆ ಅವರ ಮಾತಿನಲ್ಲಿ ಮಗಳೇ.

ಹೀಗೆ ಒಂದೊಂದಾಗಿ ಕಲಿಸಿದರು. ಮಾತು ಚಿಕ್ಕದಿರಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. 'ನೆನಪಿಲ್ವಾ' ಅಂತ ಕೇಳಲೇಬಾರದು. ಸಿಟ್ಟು ಬಂದಾಗ ಎದುರಿಗೆ ನಿಲ್ಲಬಾರದು, ಹಿಂದಿನಿಂದ ಹಿಡಿಯಬಾರದು, ಅವರಿಗೆ ಕಾಣುವಂತೆ ಪಕ್ಕದಲ್ಲಿ ನಿಂತು ಮೆಲ್ಲಗೆ ಮಾತಾಡಬೇಕು. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ, ಅವರು ತಾವೇ ಮಾಡಿಕೊಳ್ಳಬಹುದಾದ ಕೆಲಸವನ್ನು ನಾನು ಮಾಡಬಾರದು.

ನನ್ನ ಗಂಡ ಕೂತಲ್ಲಿ ಕೂರುತ್ತಿರಲಿಲ್ಲ. ವಾರ್ಡಿನ ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆದದ್ದೇ ನಡೆದದ್ದು. ಕೈ ಹಿಡಿದು ಕೂರಿಸಲು ಹೋದ ನನ್ನನ್ನು ಸಿಸ್ಟರ್ ತಡೆದರು. "ಕಾಲಲ್ಲ ಮೋಳೇ ಅವನನ್ನು ನಡೆಸುವುದು, ತಲೆಯ ಗಾಯ. ನೀನೂ ಜೊತೆಗೆ ನಡಿ."

ಊರಿಗೆ ಕರೆತಂದ ಮೇಲೆ ಕಲಿತದ್ದೆಲ್ಲ ನಮ್ಮ ಅಂಗಳದಲ್ಲಿ ಬೇರೆಯೇ ಆಯಿತು. ಆಸ್ಪತ್ರೆಯಲ್ಲಿ ಅತ್ತೆ ಇರಲಿಲ್ಲ. ಇಲ್ಲಿ ಇದ್ದರು, ಜೊತೆಗೆ ಇಡೀ ಬೀದಿ ಇತ್ತು. ಅತ್ತೆಗೆ ಇವರೊಬ್ಬರೇ ಮಗ. ಗಂಡ ಸತ್ತ ಮೇಲೆ ಕೂಲಿ ಮಾಡಿ ಬೆಳೆಸಿದ ಮಗ. ಅವನಿಗೆ ಉಣ್ಣಿಸುವುದು, ತಲೆ ಬಾಚುವುದು, ಅವನ ಮಾತನ್ನು ತಾವೇ ಪೂರ್ತಿ ಮಾಡುವುದು, ಎಲ್ಲವನ್ನೂ ಅವರು ಕೈಗೆತ್ತಿಕೊಂಡರು.

ಒಂದು ಬೆಳಿಗ್ಗೆ ಇವರು ಜಗಲಿಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಬೆರಳು ಜಾರುತ್ತಿತ್ತು. ಗುಂಡಿ ತಪ್ಪು ಕಾಜಕ್ಕೆ ಹೋಗುತ್ತಿತ್ತು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ನೀರಿನ ಬಿಂದಿಗೆ ಹೊತ್ತು ಬಂದ ಅತ್ತೆ ಅದನ್ನು ಕೆಳಗೂ ಇಳಿಸದೆ ನಿಂತರು.

"ಗಂಡ ಒದ್ದಾಡ್ತಾವ್ನೆ, ಇವ್ಳು ಸಿನಿಮಾ ನೋಡ್ದಂಗೆ ನೋಡ್ಕಂಡು ಕುಂತವ್ಳೆ."

"ಅವ್ರೇ ಹಾಕ್ಕಬೇಕು ಅತ್ತೆ. ಆಸ್ಪತ್ರೇಲಿ ಹಂಗೇ ಹೇಳವ್ರೆ."

"ಆಸ್ಪತ್ರೆಯೋರು ಹೆತ್ತವ್ರಾ?" ಎಂದು ಬಿಂದಿಗೆ ಇಳಿಸಿ ಬಂದು ಗುಂಡಿಯನ್ನೆಲ್ಲ ಸರಸರನೆ ಹಾಕಿದರು. ಇವರು ಸಣ್ಣ ಮಗುವಿನಂತೆ ಗದ್ದ ಎತ್ತಿ ನಿಂತರು. ನಾನು ಎದ್ದು ಬಿಂದಿಗೆಯನ್ನು ಒಳಗೆ ಒಯ್ದೆ.

ಇನ್ನೊಂದು ದಿನ ಫಿಟ್ಸ್ ಬಂತು. ಬೀದಿಯವರೆಲ್ಲ ಓಡಿ ಬಂದರು. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಇಡಲು ಬಂದರೆ, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತೂರಿಸಲು ನೋಡಿದರು. ನಾನು ಅವರನ್ನು ತಳ್ಳಿಯೇಬಿಟ್ಟೆ. ಗಂಡನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ನನ್ನ ಸೆರಗು ಮಡಿಸಿಟ್ಟು ಕಾದೆ. ನಡುಕ ನಿಂತು ಉಸಿರು ಹದಕ್ಕೆ ಬಂದ ಮೇಲೆ ತಲೆ ಎತ್ತಿ ನೋಡಿದರೆ ಅತ್ತೆ ಗೋಡೆಗೆ ಒರಗಿ ನನ್ನ ಕೈಗಳನ್ನೇ ನೋಡುತ್ತಿದ್ದರು.

ಗೋಪಾಲಸ್ವಾಮಿ ಬೆಟ್ಟಕ್ಕೆ ಮೋಡ ಕವಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಆ ಬಿಳಿಯನ್ನು ಕಂಡರೆ ಇವರಿಗೆ ಈಶಾನ್ಯದ ಬೆಟ್ಟ ನೆನಪಾಗಿ ರಜೆ ಮುಗಿದಂತೆ ಅನಿಸುತ್ತಿತ್ತು. "ಜಾಕೆಟ್ ಎಲ್ಲಿ? ರಿಪೋರ್ಟ್ ಮಾಡ್ಬೇಕು" ಎಂದು ಪೆಟ್ಟಿಗೆ ಕೆದಕುವುದು, ಬೀದಿಯ ಕೊನೆಯವರೆಗೆ ಹೋಗುವುದು, ಬರುವುದು. ನಾನೂ ಜೊತೆಗೆ. ರಾಗಿ ಬೀಸುವುದು, ಸೊಪ್ಪು ಬಿಡಿಸುವುದು ಎಲ್ಲ ಅರ್ಧಕ್ಕೇ ನಿಲ್ಲುತ್ತಿತ್ತು. ನಡೆಯುತ್ತ ನಡೆಯುತ್ತ ನನಗೂ ಕೂತಲ್ಲಿ ಕೂರಲಾಗದ ರೋಗ ಅಂಟಿತು.

ಅಂಥದೇ ಒಂದು ದಿನ ನಾನು ಫಿಟ್ಸ್ ಮಾತ್ರೆಗಾಗಿ ಚಾಮರಾಜನಗರದ ಡಾಕ್ಟರ ಹತ್ತಿರ ಹೋಗಬೇಕಾಯಿತು. ಹಿಂದಿರುಗಿದಾಗ ಮಧ್ಯಾಹ್ನ ದಾಟಿತ್ತು. ಹಿತ್ತಿಲ ಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿತ್ತು. ಅತ್ತೆ ಅಂಗಳದ ನಡುವೆ ನಿಂತಿದ್ದರು.

"ಒಳಗೆ ಕೂಡಾಕಿ ಹೊಲದ ತಾವ ಓಗಿದ್ದೆ ಕಣಮ್ಮಿ. ಎಲ್ಲಿ ಕಾಡ ಕಡೆ ಓಗ್ಬುಟ್ಟಾನೋ ಅಂತ ಬೀಗ ಹಾಕ್ದೆ. ಒಡ್ದು ಓಗವ್ನೆ."

ಬೇಗೂರಿನ ಹೋಟೆಲಿನವರು, ಇವರು ಊಟಿ ಬಸ್ಸು ಹತ್ತಿದ್ದನ್ನು ಕಂಡಿದ್ದರು. ಅದು ಕಾಡುಗಳ್ಳನಿಗಾಗಿ ಪೊಲೀಸರು ಕಾಡೆಲ್ಲ ಜಾಲಾಡುತ್ತಿದ್ದ ಕಾಲ. ಗುರುತಿಲ್ಲದ ಗಂಡಸು ಕಾಡಂಚಿನಲ್ಲಿ ಒಬ್ಬನೇ ಅಲೆದಾಡಿದರೆ ಸುಮ್ಮನೆ ಬಿಡುತ್ತಿರಲಿಲ್ಲ. ನಾನೂ ಅತ್ತೆಯೂ ಸಿಕ್ಕ ಬಸ್ಸು ಹತ್ತಿದೆವು. ಗುಂಡ್ಲುಪೇಟೆಯಲ್ಲಿ ಇಳಿದು ಸ್ಟ್ಯಾಂಡೆಲ್ಲ ಹುಡುಕಿ, ಇಲ್ಲವೆಂದಾದ ಮೇಲೆ ಊಟಿ ಬಸ್ಸಿಗೆ ಕಾದೆವು. ಹತ್ತಿ ಕೂತ ಮೇಲೆ ಅತ್ತೆಯ ಕಾಲು ಬಸ್ಸಿನ ತಗಡನ್ನು ಒಂದೇ ಸಮ ಕುಟ್ಟುತ್ತಿತ್ತು.

ಕಾಡು ಶುರುವಾಗುವಲ್ಲಿನ ಚೆಕ್‌ಪೋಸ್ಟ್ ಹತ್ತಿರ ಬಂದಾಗ ಕಿಟಕಿಯಿಂದಲೇ ಕಂಡರು. ಸೈನ್ಯದ ಹಸಿರು ಪ್ಯಾಂಟು ಹಾಕಿಕೊಂಡು ರಸ್ತೆಯ ನಡುವೆ ನೆಟ್ಟಗೆ ನಿಂತು, ತೋಳು ಚಾಚಿ, ಒಂದೊಂದೇ ಲಾರಿಯನ್ನು ಮುಂದೆ ಬಿಡುತ್ತಿದ್ದರು. ಎಷ್ಟು ಅಚ್ಚುಕಟ್ಟು ಎಂದರೆ ಲಾರಿಯವರೂ ಮಾತಿಲ್ಲದೆ ಕೇಳುತ್ತಿದ್ದರು. ಪೆಟ್ಟು ಬೀಳುವ ಮುಂಚಿನ ನನ್ನ ಗಂಡ ಹೀಗಿದ್ದಿರಬೇಕು, ನಾನು ನೋಡದ ಅವರ ಆ ಕೆಲಸದ ಜಾಗದಲ್ಲಿ.

ನಾವು ಇಳಿಯುವಷ್ಟರಲ್ಲಿ ಇಬ್ಬರು ಪೊಲೀಸರು ಅವರನ್ನು ರಸ್ತೆಯ ಪಕ್ಕಕ್ಕೆ ಕರೆದಿದ್ದರು. ಹೆಸರೇನು, ಯಾವೂರು, ಈ ಹಸಿರು ಪ್ಯಾಂಟು ಎಲ್ಲಿಂದ ಬಂತು, ಯಾರು ಕಳಿಸಿದ್ದು? ಪ್ರಶ್ನೆಯ ಮೇಲೆ ಪ್ರಶ್ನೆ. ಒಂದಕ್ಕೆ ಉತ್ತರ ಹುಡುಕುವುದರೊಳಗೆ ಇನ್ನೊಂದು. ಇವರ ಮುಷ್ಟಿ ಬಿಗಿಯುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಆ ಕೈ ಎದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ನನಗಿಂತ ಮುಂಚೆ ಅತ್ತೆ ಓಡಿದರು. ಹೋಗಿ ತಬ್ಬಿಕೊಂಡುಬಿಡುತ್ತಾರೆ, ಕೆಲಸ ಕೆಡುತ್ತದೆ ಅಂದುಕೊಂಡೆ. ಅವರು ತಬ್ಬಲಿಲ್ಲ. ಕೈಯಳತೆ ದೂರದಲ್ಲಿ ನಿಂತು, ಸುತ್ತು ಹಾಕಿ, ಮಗನಿಗೆ ಕಾಣುವಂತೆ ಪಕ್ಕಕ್ಕೆ ಬಂದರು. ಓಟದ ಏದುಸಿರನ್ನು ನುಂಗಿ ಮೆಲ್ಲಗೆ ಅಂದರು.

"ಮಗ, ನಾನು ಬಂದಿವ್ನಿ."

ಇವರು ತಿರುಗಿದರು. ಅತ್ತೆ ಕಾದರು. ಆಮೇಲೆ, "ಬಸ್ ಬತ್ತದೆ. ಓಗನ" ಅಂದರು. ಅಷ್ಟೇ. ಇನ್ನೊಂದು ಮಾತು ಸೇರಿಸಲಿಲ್ಲ. ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು.

ನಾನು ಪೊಲೀಸರಿಗೆ ವಿಷಯ ತಿಳಿಸಿದೆ. ಅವರಲ್ಲಿ ಹಿರಿಯರು ಟೋಪಿ ತೆಗೆದು ತಲೆ ಕೆರೆದುಕೊಂಡು, "ನೋಡಿದ್ರೆ ಗೊತ್ತಾಗಲ್ವಲ್ಲಮ್ಮ" ಅಂದರು. ನಿಜ. ಕೈ ಮುರಿದಿದ್ದರೆ ಎಲ್ಲರಿಗೂ ಕಾಣುತ್ತಿತ್ತು.

ವಾಪಸ್ಸು ಬರುವಾಗ ಅತ್ತೆಯನ್ನು ಕೇಳಿದೆ, "ಹಂಗೆ ಪಕ್ಕದಲ್ಲಿ ನಿಂತ್ಕಬೇಕು ಅಂತ ಯಾರು ಹೇಳ್ಕೊಟ್ರು ಅತ್ತೆ?"

"ದಿನಾ ನೀನು ನಿಂತ್ಕಳೋದ ನೋಡ್ತಿಲ್ವಾ ನಾನು" ಅಂದರು, ಕಿಟಕಿಯ ಕಡೆಗೇ ಮುಖ ಮಾಡಿ. ಮಾರನೆಯ ದಿನ ಚಿಲಕವನ್ನು ಅವರೇ ಕಿತ್ತು ಎಸೆದರು. ಮಗ ಗುಂಡಿ ಹಾಕಿಕೊಳ್ಳುವಾಗ ಮಾತ್ರ ನೋಡಲಾರದೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು.

ಆ ವರ್ಷವೇ ಚಾಮರಾಜನಗರದ ನಿವೃತ್ತ ಸುಬೇದಾರರೊಬ್ಬರು ನಮ್ಮ ಸಂಗತಿ ಕೇಳಿ ಮನೆಗೆ ಬಂದರು. ಇಂಥದೇ ಪೆಟ್ಟು ತಿಂದು ಬಂದವರು ಸುತ್ತಮುತ್ತ ಇನ್ನೂ ಕೆಲವರಿದ್ದಾರೆ, ಅವರ ಮನೆಯವರು ದಿಕ್ಕು ತೋಚದೆ ಕೂತಿದ್ದಾರೆ, ನಿಮಗೆ ಗೊತ್ತಿರುವುದನ್ನು ಬಂದು ಹೇಳಿಕೊಡಿ ಅಂದರು. ಹಾಗೆ ಆಗೀಗ ಭಾನುವಾರ ಅಲ್ಲಿನ ಒಂದು ಛತ್ರದ ಹಿಂದಿನ ಕೋಣೆಯಲ್ಲಿ ಸೇರತೊಡಗಿದೆವು. ನಾನು ಕೇಳಿಕೊಂಡೆನೆಂದು ಇವರ ಡಾಕ್ಟರು ಒಂದೆರಡು ಸಲ ಬಂದು ಮಾತ್ರೆಗಳ ವಿಷಯ ಬಿಡಿಸಿ ಹೇಳಿದರು.

ಶುರುವಿನಲ್ಲಿ ನನ್ನ ಮಾತಿಗೆ ಹೆಂಗಸರು ತಲೆಯಾಡಿಸುತ್ತಿದ್ದರು, ಮನಸ್ಸಿಗೆ ಹೋಗುತ್ತಿರಲಿಲ್ಲ. ಆಗ ಅತ್ತೆ ಎದ್ದು ಚಾಪೆಯ ಮೇಲೆ ಮಲಗಿ, "ನಂಗೇ ಫಿಟ್ಸ್ ಬಂದದೆ ಅನ್ಕಳಿ, ಹೊರಳ್ಸಿ ನೋಡನ" ಅಂದರು. ಕೈಕಾಲು ಕೂಡ ಬಡಿದರು. ಕೋಣೆ ನಗೆಯಿಂದ ತುಂಬಿತು. ಎಷ್ಟೋ ತಿಂಗಳಿಂದ ನಗದವರೂ ನಕ್ಕರು, ಒಬ್ಬೊಬ್ಬರಾಗಿ ಬಂದು ಅವರನ್ನು ಹೊರಳಿಸಿದರು. ತಾಯಂದಿರಿಗಂತೂ ಆಮೇಲೆ ಅತ್ತೆ ಹೇಳಿದ್ದೇ ವೇದವಾಯಿತು.

ಬದನಗುಪ್ಪೆಯ ಕಡೆಯಿಂದ ಒಬ್ಬ ಹುಡುಗಿ ಮಾವನ ಜೊತೆ ಬರುತ್ತಿದ್ದಳು. ಅವಳ ಗಂಡ ಹೊಡೆಯುತ್ತಿದ್ದ, ಆಮೇಲೆ ಹೊಡೆದದ್ದೇ ನೆನಪಿಲ್ಲದೆ ಅವಳ ಮುಖದ ಬಾವು ನೋಡಿ ಅಳುತ್ತಿದ್ದ. ಒಂದು ದಿನ ಎಲ್ಲರ ಮುಂದೆಯೇ ಕೇಳಿದಳು, "ಅಕ್ಕ, ನಿಮ್ಮೆಜಮಾನ್ರು ಮೊದ್ಲಿನಂಗೆ ಆದ್ರಾ?"

ಸುಬೇದಾರರು ನನ್ನ ಕಡೆ ನೋಡಿದರು. ಸಮಾಧಾನದ ಮಾತು ಬೇಕಿತ್ತು ಅವರಿಗೆ.

"ಇಲ್ಲ ಕಣಮ್ಮಿ" ಅಂದೆ. "ಗುಂಡಿ ಹಾಕ್ಕತಾರೆ. ನನ್ನ ಹೆಸ್ರು ಮರೆಯಲ್ಲ. ಈರುಳ್ಳಿಗೆ ನೀರು ಕಟ್ತಾರೆ. ಮೊದ್ಲಿನೋರು ಬರ್ಲಿಲ್ಲ. ಇವ್ರ ಜೊತೆ ಇರದ ಕಲ್ತಿವ್ನಿ. ಹೊಡೆಯೋನ ತಾವ ಮಾತ್ರ ನೀನು ಒಬ್ಬಳೇ ಇರ್ಬೇಡ."

ಮುಂದಿನ ಸಲ ಅವಳು ಬರಲಿಲ್ಲ. ತವರಿಗೆ ಹೋಗಿಬಿಟ್ಟಳು ಎಂದು ಅವಳ ಮಾವ ಹೇಳಿದರು. ಹೊಲದಲ್ಲೇ ಮುದುಕರಾದ, ಹೆಚ್ಚು ಮಾತಿಲ್ಲದ ಮನುಷ್ಯ. ಸೊಸೆಯನ್ನು ಬಯ್ಯುತ್ತಾರೇನೋ ಎಂದು ಕಾದೆ. ಅವರು ಟವೆಲು ಹೆಗಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಓಗ್ಲಿ ಬುಡವ್ವ, ಎಳೇ ಕೂಸು ಅದು. ನನ್ ಮಗನ ಮೈ ತೊಳ್ಯದು ಹೆಂಗೆ ಅಂತ ನಂಗೆ ಹೇಳ್ಕೊಡು. ನೀರು ಹಾಕುದ್ರೆ ಹೊಡೆಯಕ್ಕೆ ಬತ್ತಾನೆ."

ಸುಬೇದಾರರು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತು ರೋಗಿಯಾದರು. ನಾನು ಬಕೆಟ್ಟಿನಲ್ಲಿ ಬೆಚ್ಚನೆಯ ನೀರು ತಂದಿಟ್ಟೆ. ಮೊದಲು ನೀರನ್ನು ಅವರ ಕೈಗೇ ಮುಟ್ಟಿಸಬೇಕು, ಆಮೇಲೆ ಕಾಲಿಗೆ, ತಲೆಗೆ ಎಲ್ಲಕ್ಕಿಂತ ಕೊನೆಗೆ, ಪ್ರತಿಸಲವೂ ಮುಂಚೆ ಹೇಳಿಯೇ ಹಾಕಬೇಕು ಎಂದೆ. ಆ ಮುದುಕರು ಸುಬೇದಾರರ ಕೈಗೆ ನೀರು ಮುಟ್ಟಿಸಿ, ಚೊಂಬು ಹಿಡಿದು ಬಗ್ಗಿದರು. "ನೀರು ಹಾಕ್ತೀನಿ ಕಣಪ್ಪ, ಕಾಲ್ಗೆ" ಅಂದರು. ಹಾಕಿದರು. ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಚೊಂಬನ್ನು ಮತ್ತೆ ಬಕೆಟ್ಟಿಗೆ ಅದ್ದಿದರು.