ನೋಡಲು ಬಂದವರಿಗಾಗಿ ಹಚ್ಚಿದ ಕ್ರೀಮು

ಈ ಚಳಿಗೆ ನನ್ನ ಕೈಯೆಲ್ಲ ಬಿರಿದಿತ್ತು. ಮೊನ್ನೆ ಬೆಳಗಾವಿಯ ನೆಹರು ನಗರದ ಔಷಧಿ ಅಂಗಡಿಯಲ್ಲಿ ಒಣ ಚರ್ಮಕ್ಕೆ ಕ್ರೀಮು ಆರಿಸುತ್ತ ಒಂದರ ಮುಚ್ಚಳ ತೆಗೆದು ಮೂಸಿದೆ. ಆ ವಾಸನೆಗೆ ಖಾನಾಪುರದ ನಮ್ಮ ಮನೆ ನೆನಪಾಗಿ, ನಿಂತಲ್ಲೇ ಸಿಟ್ಟು ಬಂತು.

ಚಳಿಗಾಲದಲ್ಲಿ ತಣ್ಣೀರು, ಬೂದಿ ಹಾಕಿ ಪಾತ್ರೆ ತಿಕ್ಕಿ ತಿಕ್ಕಿ ನನ್ನ ಅಕ್ಕನ ಬೆರಳ ಸಂದಿಗಳಲ್ಲಿ ರಕ್ತ ಒಸರುತ್ತಿತ್ತು. ಅಪ್ಪನಿಗೆ ಅದು ಎಂದೂ ಕಾಣಲಿಲ್ಲ. ಆಕೆಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದಾಗ ಮಾತ್ರ ಬೆಳಗಾವಿಯ ರವಿವಾರ ಪೇಟೆಯಿಂದ ಕ್ರೀಮಿನ ಡಬ್ಬಿ ತಂದ.

"ಕೈ ಒರಟ ಕಂಡ್ರ ಅವರು ಒಪ್ಪಂಗಿಲ್ಲವಾ," ಎಂದು ಅಜ್ಜಿ ತಾನೇ ಹಚ್ಚಿದಳು. ಅಕ್ಕ ಉರಿ ತಡೆದುಕೊಂಡು ಹಲ್ಲು ಕಚ್ಚಿ ಕೂತಿದ್ದಳು. ಬಂದವರು ಚಹಾ ಕುಡಿದು, ಹೇಳಿ ಕಳಿಸುತ್ತೇವೆಂದು ಎದ್ದು ಹೋದರು. ಅಜ್ಜಿ ಕೂಡಲೇ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

"ಇನ್ನೊಂದು ಮನಿಯವರು ಬಂದ್ರ ಬೇಕಾಕ್ಕೈತಿ."

ಅಕ್ಕ ಮತ್ತೆ ಮುಸುರೆ ಪಾತ್ರೆಗಳ ಮುಂದೆ ಕುಳಿತಳು.

ಮರುದಿನ ನಾನು ಅಜ್ಜಿಯ ಕೀಲಿ ಕದ್ದು, ಡಬ್ಬಿಯಲ್ಲಿದ್ದಷ್ಟನ್ನೂ ಅಕ್ಕನ ಕೈಗೆ, ಹಿಮ್ಮಡಿಗೆ ಬಳಿದೆ. ಗೊತ್ತಾದ ಮೇಲೆ ಅಪ್ಪ ನನ್ನನ್ನು ಹೊಡೆದ. "ಆಕಿ ಕೈಯಾಗ ರಕ್ತ ಬರಾಕತ್ತಿತ್ತು, ನಿಮಗ್ಯಾರಿಗೂ ಕಾಣಲಿಲ್ಲೇನು?" ಎಂದು ಅಳುತ್ತಲೇ ಕೂಗಿದೆ.

ಅಕ್ಕ ಈಗ ಗಂಡನ ಊರಾದ ಬೀಡಿಯಲ್ಲಿದ್ದಾಳೆ. ನಿನ್ನೆ ಅವಳಿಗೂ ಎರಡು ಡಬ್ಬಿ ಒಯ್ದುಕೊಟ್ಟೆ.

"ಇದ್ಯಾಕ ತಂದಿ? ನನ್ನ ನೋಡಾಕ ಈಗ ಯಾರ್ ಬರ್ತಾರ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ.