ಪ್ಲಾಸ್ಟರ್ ಕಾಕಾರ ಬೈಗುಳ

ಎಷ್ಟು ತಿಕ್ಕಿ ತೊಳೆದರೂ ಪ್ಲಾಸ್ಟರ್ ಕಾಕಾರ ಉಗುರಿನ ಸಂದಿಯ ಬಿಳುಪು ಹೋಗುತ್ತಿರಲಿಲ್ಲ. ಬೆರಳ ಗೆರೆಗಳಲ್ಲಿ, ಗಡಿಯಾರದ ಪಟ್ಟಿಯ ಕೆಳಗೆ, ಒಮ್ಮೊಮ್ಮೆ ಹುಬ್ಬಿನ ಮೇಲೂ ಪ್ಲಾಸ್ಟರಿನ ಪುಡಿ ಒಣಗಿ ಕೂತಿರುತ್ತಿತ್ತು. ರೋಣದಲ್ಲಿ ಎಲುಬಿನ ಡಾಕ್ಟರರೊಬ್ಬರ ಸಣ್ಣ ದವಾಖಾನೆ. ಬಾಗಿಲ ಬಳಿಯ ಮೇಜಿಗೆ ಕೂತು ಚೀಟಿ ಬರೆಯುವವಳು ನಾನು, ಒಳಕೋಣೆಯಲ್ಲಿ ಕೈಕಾಲಿಗೆ ಪ್ಲಾಸ್ಟರ್ ಹಾಕುವವರು ಅವರು. ಹನ್ನೊಂದು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಆ ಕಾಕು ಅವರ ಬಲಗೈ ಮತ್ತೆ ಬಾಯಿಯವರೆಗೆ ಬರುವಂತಾಗಲಿ ಎಂದು ಕಾಕಾ ಒಂದು ವರ್ಷ ಒದ್ದಾಡಿದರು. ಬರಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ.

ಹೆಸರು, ಊರು, ವಯಸ್ಸು ಬರೆದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಸೇರಿದ ಮೊದಲ ವಾರವೇ ಕಾಕಾ ಒಂದು ಉದ್ದನೆಯ ನೋಟ್‌ಬುಕ್ ತಂದು ನನ್ನ ಮುಂದೆ ಹಾಕಿದರು.

“ತಂಗಿ, ಮೊಣಕೈ ಮುರಕೊಂಡು ಬಂದವರನ್ನಷ್ಟ ಇದರಾಗ ಬ್ಯಾರೆ ಬರಿ. ಎಲ್ಲಿ ಬಿದ್ರು, ಹ್ಯಾಂಗ ಬಿದ್ರು, ಎಷ್ಟ ದಿನಕ್ಕ ಬಂದ್ರು. ಹ್ಯಾಂಗ ಬಿದ್ರು ಅನ್ನೂದ ತಿಳೀಲಿಲ್ಲಂದ್ರ ಬೀಳೂದು ಹ್ಯಾಂಗ ನಿಲ್ಲಬೇಕು?”

ಡಾಕ್ಟರಿಗೇ ಇಲ್ಲದ ಉಸಾಬರಿ ಇವರಿಗೇಕೆ ಎಂದು ಒಳಗೊಳಗೇ ಗೊಣಗಿದೆ. ಬರೆಯುತ್ತ ಹೋದಂತೆ ನನಗೂ ರುಚಿ ಹತ್ತಿತು. ಹುಡುಗರು ಬೈಕಿನಿಂದ ಬಿದ್ದು ಮೊಣಕೈ ಪುಡಿ ಮಾಡಿಕೊಂಡು ಬರುತ್ತಿದ್ದರು. ಬಸ್ಸಿನ ಕಿಟಕಿಯ ಹೊರಗೆ ಮೊಣಕೈ ಚಾಚಿ ಗಾಳಿ ತೆಗೆದುಕೊಳ್ಳುತ್ತ ಕೂತವರು ಎದುರಿನ ಟ್ರ್ಯಾಕ್ಟರಿಗೆ ತಾಗಿಸಿಕೊಂಡು ಬರುತ್ತಿದ್ದರು. ಸುಗ್ಗಿಯಲ್ಲಿ ಕಡಲೆ ಹೊಟ್ಟಿನ ಹೇರಿನ ಮೇಲಿಂದ ಜಾರಿದವರು. ಐವತ್ತು ದಾಟಿದ ಹೆಂಗಸರು ಮಾತ್ರ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬಚ್ಚಲಲ್ಲಿಯೋ, ಮಗ ಹೊಸದಾಗಿ ಹಾಕಿಸಿದ ನುಣ್ಣನೆಯ ಟೈಲ್ಸಿನ ಮೇಲೋ ನಿಂತಲ್ಲೇ ಕಾಲು ಜಾರಿದರೆ ಸಾಕಿತ್ತು.

“ಗಂಡಸರು ರಸ್ತೇದಾಗ ಮುರಕೋತಾರ, ಹೆಣ್ಮಕ್ಕಳು ಮನ್ಯಾಗ ಮುರಕೋತಾರ,” ಎನ್ನುತ್ತಿದ್ದರು ಕಾಕಾ. “ರಸ್ತೇದಾಗ ಮುರಕೊಂಡವ ಅವತ್ತ ಬರ್ತಾನ. ಮನ್ಯಾಗ ಮುರಕೊಂಡಾಕಿ ಇಪ್ಪತ್ತ ದಿನಕ್ಕ ಬರ್ತಾಳ.”

ಆ ಇಪ್ಪತ್ತು ದಿನವೇ ಅವರ ವೈರಿ. ನಮ್ಮ ಕಡೆ ಕೈ ಬಾತರೆ ಮೊದಲು ಉಳುಕು ಎನ್ನುತ್ತಾರೆ, ಓಣಿಯಲ್ಲಿ ಕೈಗುಣ ಇದ್ದ ಯಾರಾದರೂ ಬಂದು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಬೇರೆ ಕಡೆ ತಿಕ್ಕಿದರೆ ಒಂದಿಷ್ಟು ನೋವಾದೀತು. ಮುರಿದ ಮೊಣಕೈಯನ್ನು ತಿಕ್ಕಿದರೆ ಸುತ್ತಲಿನ ಮಾಂಸದೊಳಗೇ ಎಲುಬು ಬೆಳೆದು ಕೀಲು ಬೀಗ ಹಾಕಿದಂತೆ ನಿಂತುಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಕಾಕಾ. ಹಾಗಾಗಿ ಅವರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, “ಎಷ್ಟ ದಿನ ತಿಕ್ಕಿಸಿದ್ರಿ? ಖರೇ ಹೇಳ್ರಿ” ಎಂದೇ ಶುರು ಮಾಡುತ್ತಿದ್ದರು. ಯಾರು ತಿಕ್ಕಿದರು ಎಂಬುದನ್ನೂ ನನ್ನಿಂದ ಬರೆಸುತ್ತಿದ್ದರು. ಆಮೇಲೆ ಬೈಗುಳ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಕೇಳಲಿ ಎಂದೇ ಬೈಯುತ್ತಿದ್ದರು, ಒಬ್ಬರಿಗೆ ಬೈದರೆ ಹತ್ತು ಮಂದಿಗೆ ಬುದ್ಧಿ ಬಂದೀತು ಎಂಬ ಲೆಕ್ಕ.

ಚಿಕ್ಕನರಗುಂದದಿಂದ ಒಬ್ಬ ಮುದುಕಿ ಬಂದಿದ್ದಳು. ಮೂರು ವಾರ ತಿಕ್ಕಿಸಿಕೊಂಡು ಕೈ ಕೋಲಿನಂತೆ ನೆಟ್ಟಗಾಗಿತ್ತು. ಕಾಕಾ ಅವಳ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದರು.

“ನೋಡ್ರಿ, ಕೈ ಅಲ್ಲಿದು, ಬಡಿಗಿ. ಅಜ್ಜಿ, ಇನ್ನ ಈ ಕೈ ನಿನ್ನ ಬಾಯಿಗೆ ತುತ್ತು ಒಯ್ಯೂದಿಲ್ಲ, ಆ ತಿಕ್ಕಿದಾಕೀನ ಬಂದು ಉಣಸಲಿ!”

ಬೆಂಚಿನ ಮೇಲಿದ್ದವರು ನಕ್ಕರು, ನಾನೂ ನಕ್ಕೆ. ಆಮೇಲೆ ಅದೇ ಕಾಕಾ ಊಟ ಬಿಟ್ಟು ಒಂದು ತಾಸು ಅವಳ ಪಕ್ಕದಲ್ಲಿ ಕೂತು, ಕೈಯನ್ನು ತಾನಾಗಿ ಹೇಗೆ ಮೆಲ್ಲಗೆ ಮಡಚಬೇಕು ಎಂದು ಕಲಿಸಿದರು. “ಬರೂ ಸೋಮವಾರ ಬಾ ಅಜ್ಜಿ” ಎಂದು ಬಸ್ಸಿಗೂ ಹತ್ತಿಸಿ ಬಂದರು. ಅವಳು ಬರಲಿಲ್ಲ.

ಅವಳೊಬ್ಬಳೇ ಅಲ್ಲ. ನೋಟ್‌ಬುಕ್ ತಿರುವಿ ಹಾಕಿದಾಗ ನನಗೆ ಅದು ಕಾಣಿಸಿತು. ಬೈಸಿಕೊಂಡ ಹೆಂಗಸರು ಎರಡನೇ ಸಲ ಬರುತ್ತಲೇ ಇರಲಿಲ್ಲ. ತಿಕ್ಕಿಸಿದ್ದನ್ನು ಮುಚ್ಚಿಟ್ಟು ಸುಳ್ಳು ಹೇಳಿದವರು ಮಾತ್ರ ಬರುತ್ತಿದ್ದರು. ಎಲ್ಲವನ್ನೂ ಕೇಳಿ ಬರೆಸುತ್ತಿದ್ದ ಮನುಷ್ಯನಿಗೆ ಇದೊಂದು ಕಂಡಿರಲಿಲ್ಲ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವರು ಕಣ್ಣು ಕಿಸಿದು ನೋಡಿದೊಡನೆ ಚಹಾ ತರಿಸಲೇ ಎಂದು ಕೇಳಿ ಸುಮ್ಮನಾದೆ.

ಎರಡು ಮಳೆಗಾಲದ ಹಿಂದೆ ಕಾಕಾ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗೆಲ್ಲ ಗೊಣಗತೊಡಗಿದರು. ರೊಟ್ಟಿ ದಪ್ಪ, ಅಂಚು ಸೀಳು. ಮನೆಯಲ್ಲಿ ಕೇಳಿದರೆ ಹಿಟ್ಟಿನ ಗಿರಣಿ ಬದಲಾಗಿದೆ ಎಂದರಂತೆ. “ಕಾಕುಗ ಬ್ಯಾಸರಾಗೇತ್ರಿ, ಇನ್ನ ನೀವ ಬಡೀರಿ ರೊಟ್ಟಿ” ಎಂದು ನಾನು ಕಾಡಿಸಿದೆ. ಒಂದು ದಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಇದು ಆಕಿ ಬಡದ ರೊಟ್ಟಿ ಅಲ್ಲ,” ಎಂದವರೇ ಬುತ್ತಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಅರ್ಧ ತಾಸಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದರು. ಕಾಕು ಸೆರಗಿನೊಳಗೆ ಬಲಗೈಯನ್ನು ಮುಚ್ಚಿಕೊಂಡಿದ್ದರು.

ರೂಢಿಯಂತೆ ನಾನೇ ಕೇಳಿದೆ. “ಎಲ್ಲಿ ಬಿದ್ರಿ?”

“ಹಿತ್ತಲದಾಗ. ಅರಿಬಿ ಒಗಿಯೂ ಕಲ್ಲಿನ ಮ್ಯಾಲ.”

“ಎಷ್ಟ ದಿನ ಆತ್ರಿ?”

“ಹದಿನೇಳು,” ಎಂದರು ಕಾಕಾ. ಅಷ್ಟೂ ದಿನ ಅವರು ದವಾಖಾನೆಗೆ ಹೊರಟ ಮೇಲೆ ಪಕ್ಕದ ಮನೆಯಾಕೆ ಬಂದು ಎಣ್ಣೆ ಹಚ್ಚಿ ತಿಕ್ಕಿ, ಮರುದಿನದ ಬುತ್ತಿಗೂ ಸೇರಿಸಿ ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು. ಎಡಗೈಯಲ್ಲಿ ಬಡಿಸಿದರೆ ಗೊತ್ತಾದೀತೆಂದು ಕಾಕು ರಾತ್ರಿಯ ತಾಟನ್ನು ಮೊದಲೇ ಬಡಿಸಿಟ್ಟು, ತಾವು ಅವರು ಮಲಗಿದ ಮೇಲೆ ಉಣ್ಣುತ್ತಿದ್ದರು.

“ನನಗ ಯಾಕ ಹೇಳಲಿಲ್ಲ?” ಕಾಕಾರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

“ಎಲ್ಲಾರ ಮುಂದ ಬೈತೀರಂತ.”

ಬೆಂಚು ತುಂಬಿತ್ತು. ಯಾರೂ ನಗಲಿಲ್ಲ.

ಎಕ್ಸ್‌ರೇಯಲ್ಲಿ ಕೀಲಿನ ಮುಂದೆ ಮೋಡ ಕವಿದಂತೆ ಬೆಳ್ಳಗೆ ಹೊಸ ಎಲುಬು ಕಾಣುತ್ತಿತ್ತು. ಒಂದು ವರ್ಷ ಕಾದು ಹುಬ್ಬಳ್ಳಿಯಲ್ಲಿ ಆಪರೇಷನ್ ನೋಡಬಹುದು, ಆದರೆ ಸಕ್ಕರೆ ಕಾಯಿಲೆ ಇದೆ, ಭರವಸೆ ಕೊಡಲಾರೆ ಎಂದರು ಡಾಕ್ಟರು. ಅಲ್ಲಿಯವರೆಗೆ ಕಾಕು ತಾವಾಗಿಯೇ ಕೈಯನ್ನು ಮೆಲ್ಲಗೆ ಮಡಚಬೇಕು, ಯಾರೂ ಒತ್ತಬಾರದು ಎಂದೂ ಹೇಳಿದರು. ಕಾಕಾ ತಲೆಯಾಡಿಸಿದರು. ಈ ಮಾತನ್ನು ಅವರೇ ಎಷ್ಟು ಮಂದಿಗೆ ಹೇಳಿದ್ದರೋ.

ಆಗ ಕಾಕು ಅವರ ಬೆರಳು ಬಾಯಿಗೆ ಒಂದು ಗೇಣು ದೂರದಲ್ಲಿ ನಿಲ್ಲುತ್ತಿತ್ತು. ಕಾಕಾ ಎರಡು ಹೊತ್ತೂ ಮನೆಗೆ ಹೋಗಿ ಅವರಿಗೆ ಉಣಿಸುತ್ತಿದ್ದರು. ಬಾಯಿಗೆ ಇನ್ನೆಷ್ಟು ದೂರ ಉಳಿಯಿತು ಎಂದು ಪ್ರತಿದಿನ ಬಂದು ನನಗೆ ಹೇಳುತ್ತಿದ್ದರು. ದೀಪಾವಳಿಯ ಹೊತ್ತಿಗೆ ಗೇಣು ಹೋಗಿ ಆರು ಬೆರಳಾಯಿತು. ಸಂಕ್ರಾಂತಿಗೆ ನಾಲ್ಕು ಬೆರಳು. ಅವತ್ತು ದವಾಖಾನೆಗೆಲ್ಲ ಪೇಡೆ ಹಂಚಿದರು. ಆಮೇಲೆ ನಾಲ್ಕು ಬೆರಳಿಗೇ ನಿಂತಿತು. ವಾರ ಕಳೆಯಿತು, ತಿಂಗಳು ಕಳೆಯಿತು, ನಾಲ್ಕೇ ಬೆರಳು. ನಾನು ಕೇಳದೆಯೇ ಕಾಕಾ ನಾಲ್ಕು ಬೆರಳು ಎತ್ತಿ ತೋರಿಸಿ ಒಳಗೆ ಹೋಗುತ್ತಿದ್ದರು. ಆ ಕೈಯನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಅವರು ಏನೂ ತೋರಿಸಲಿಲ್ಲ. ಮೇಜಿನ ಮುಂದೆ ನಿಂತರು.

“ಬುಕ್ಕ ತಗಿ. ಆಕಿ ಹೆಸರಿನ ಮುಂದ ಯಾರು ತಿಕ್ಕಿದ್ರು ಅಂತ ಬರದೀಯಲ್ಲ, ಅದರ ಕೆಳಗ ಬರಿ. ಗಂಡ.”

ಹಿಂದಿನ ಸಂಜೆ ನಾಲ್ಕು ಬೆರಳಿನ ದೂರವನ್ನು ನೋಡಿ ನೋಡಿ ತಡೆಯಲಾರದೆ, ಇನ್ನೊಂದಿಷ್ಟು ಎಂದುಕೊಂಡು ಎರಡೂ ಕೈಯಲ್ಲಿ ಹಿಡಿದು ಒತ್ತಿದ್ದರು. ಲಟಕ್ಕೆಂದಿತ್ತು. ಕಾಕು ಕಿರುಚಿದ್ದು ಓಣಿಯ ಕೊನೆಯವರೆಗೆ ಕೇಳಿಸಿತ್ತು. ನನಗೆ ಬರೆಯಲು ಕೈ ಬರಲಿಲ್ಲ. ಅವರೇ ಪೆನ್ನು ತೆಗೆದುಕೊಂಡು ಬರೆದರು. ಬಾವು ಇಳಿದ ಮೇಲೆ ಆ ಕೈ ಮೊದಲಿನ ಒಂದು ಗೇಣಿಗೂ ಬರಲಿಲ್ಲ. ಹುಬ್ಬಳ್ಳಿಯವರು ಹೊಸ ಎಕ್ಸ್‌ರೇ ನೋಡಿ, ಇದನ್ನು ಮುಟ್ಟುವುದು ಬೇಡ ಎಂದರು.

ಅಲ್ಲಿಂದ ಕಾಕಾ ಬೈಯುವುದನ್ನು ಬಿಟ್ಟರು. ತಿಕ್ಕಿಸಿಕೊಂಡು ಬಂದವರಿಗೆ “ಆತು ಬಿಡವಾ, ಕೂಡು” ಎನ್ನುತ್ತಿದ್ದರು. ಹೆಂಗಸರು ಎರಡನೇ ಸಲ ಬಂದರು, ಮೂರನೇ ಸಲವೂ ಬಂದರು. ನನಗೆ ಆ ನೋಟ್‌ಬುಕ್ಕನ್ನು ಹರಿದು ಹಾಕಬೇಕೆನಿಸುತ್ತಿತ್ತು.

ಮೊನ್ನೆ ಯುಗಾದಿಯ ಹಿಂದಿನ ವಾರ, ಮಧ್ಯಾಹ್ನ ಊಟ ಮಾಡಿಸಲು ಮನೆಗೆ ಹೊರಟವರು ದವಾಖಾನೆಯ ಮೆಟ್ಟಿಲ ಮೇಲೆಯೇ ಎದೆ ಹಿಡಿದು ಕೂತರು. ಡಾಕ್ಟರು ಓಡಿ ಬಂದರು. “ಆಕಿ ಉಂಡಿಲ್ಲ,” ಎಂದರು ಕಾಕಾ, ನನ್ನನ್ನು ನೋಡಿ. ಅದೇ ಕೊನೆಯ ಮಾತು.

ಮಣ್ಣು ಮಾಡಿದ ಮರುದಿನ ಹೋದೆ. ಗಜೇಂದ್ರಗಡದಿಂದ ಮಗಳು ಬಂದಿದ್ದಳು, ಮನೆ ತುಂಬ ಹೆಂಗಸರು. ಮಂದಿಯ ಮುಂದೆ ಎಡಗೈಯಲ್ಲಿ ಉಣ್ಣಲು ಕಾಕು ಒಪ್ಪಲಿಲ್ಲ, ಮಗಳು ತುತ್ತು ಹಿಡಿದರೆ ಬಾಯಿ ತೆರೆಯಲಿಲ್ಲ. ನಾನು ತಾಟು ಹಿಡಿದು ಅವರನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದೆ. ಒಂದು ತುತ್ತು ತೆಗೆದುಕೊಂಡರು.

“ದಿನಾ ಊಟಕ್ಕ ಕುಂತಾಗ ಹೇಳತಿದ್ರವ್ವಾ, ಇವತ್ತ ಯಾರಿಗೆ ಹ್ಯಾಂಗ ಬೈದೆ ಅಂತ. ನಾನೂ ನಗತಿದ್ದೆ. ನಾ ಬಿದ್ದ ದಿನಾನ ಗೊತ್ತಾತು ಎಲಬು ಮುರದೈತಿ ಅಂತ. ಅವರಿಗೆ ಹೇಳಾಕ ಬಾಯಿ ಬರಲಿಲ್ಲ.” ಎಡಗೈಯಿಂದ ಬಲ ಮೊಣಕೈಯನ್ನು ಸವರಿಕೊಂಡರು. “ಆಮ್ಯಾಲ ನನಗ ಒಂದ ದಿನಾನೂ ಬೈಲಿಲ್ಲ ನೋಡು. ಬೈದಿದ್ರ ಚಲೋ ಇತ್ತು.”

ಆಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಸಿಕೊಂಡವರು ತಿರುಗಿ ಬರುತ್ತಿರಲಿಲ್ಲ, ಅದು ನನಗೆ ವರ್ಷಗಳ ಹಿಂದೆಯೇ ಗೊತ್ತಿತ್ತು, ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಬೈಯುವುದನ್ನು ಆಗಲೇ ಬಿಡುತ್ತಿದ್ದರು, ನಿಮ್ಮ ಕೈ ಉಳಿಯುತ್ತಿತ್ತು. ಅವರು ಬೈಯಲಿ ಎಂದು ತಲೆ ತಗ್ಗಿಸಿ ಕೂತೆ.

ಕಾಕು ಎಡಗೈಯಿಂದ ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

“ನಿನಗೂ ಅವರ ಅಂಜಿಕಿ ಇತ್ತೇನ?”

“ಹೌದ್ರಿ ಕಾಕು,” ಎಂದೆ.

ಅವರು ಬಾಯಿ ತೆರೆದರು. ನಾನು ಇನ್ನೊಂದು ತುತ್ತು ಕಲಸಿದೆ.